ಫೋಟಾನಿಕ್ಸ್ ಓದಬೇಕು ಅನ್ನುವವರಿಗೆ

ಫೋಟಾನಿಕ್ಸ್ ಅಂದರೆ ಬೆಳಕನ್ನು ಹುಟ್ಟಿಸಿ, ಸಾಗಿಸಿ, ಬಳಸುವ ತಂತ್ರಜ್ಞಾನ. ಪಿಯುಸಿ ಮುಗಿದ ಕೂಡಲೇ "ಫೋಟಾನಿಕ್ಸ್ ಬಿ.ಇ. ಎಲ್ಲಿ ಸಿಗುತ್ತೆ?" ಅಂತ ಹುಡುಕುವವರು ಬಹಳ. ದಯವಿಟ್ಟು ಆ ಹೆಸರಿನ ಹಿಂದೆ ಅಲೆಯಬೇಡಿ. ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸಾಕು, ಬಿಎಸ್ಸಿ ಫಿಸಿಕ್ಸ್ ಆದರೂ ಸರಿ. ನೇರವಾಗಿ ಇದನ್ನೇ ಓದಬೇಕೆಂದರೆ ಕೊಚ್ಚಿಯ ವಿಶ್ವವಿದ್ಯಾಲಯ ಕುಸಾಟ್‌ನಲ್ಲಿ 5 ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ ಇದೆ. ಗೇಟ್ ಬರೆದವರಿಗೆ ಐಐಟಿ ದೆಹಲಿಯ ಆಪ್ಟೋಎಲೆಕ್ಟ್ರಾನಿಕ್ಸ್ ಎಂ.ಟೆಕ್ ಇದೆ. ಸಂಶೋಧನೆಗೆ ಬೆಂಗಳೂರಿನಲ್ಲೇ ಐಐಎಸ್ಸಿ ಇದೆ.

ಯಾವ ದಾರಿ ಹಿಡಿದರೂ ಫೀಲ್ಡ್ ಥಿಯರಿಯನ್ನು (ವಿದ್ಯುತ್ಕಾಂತೀಯ ಕ್ಷೇತ್ರಗಳ ಪಾಠ) ಹಳೇ ಪ್ರಶ್ನೆಪತ್ರಿಕೆ ನೋಡಿಕೊಂಡು ಪಾಸಾಗುವ ವಿಷಯ ಮಾಡಿಕೊಳ್ಳಬೇಡಿ. ಬೌಂಡರಿ ಕಂಡಿಷನ್ (ಎರಡು ವಸ್ತುಗಳು ಸೇರುವ ಗಡಿಯಲ್ಲಿ ಫೀಲ್ಡ್ ಪಾಲಿಸಬೇಕಾದ ನಿಯಮ) ಅರ್ಥವಾಗದವರಿಗೆ ಬೆಳಕನ್ನು ಹಿಡಿದು ಸಾಗಿಸುವ ವೇವ್‌ಗೈಡ್‌ನಲ್ಲಿ ಮೋಡ್, ಅಂದರೆ ಬೆಳಕು ಆಕಾರ ಬದಲಿಸದೆ ಸಾಗುವ ನಿಶ್ಚಿತ ವಿನ್ಯಾಸ, ಯಾಕೆ ಹುಟ್ಟುತ್ತದೆ ಅನ್ನುವುದೂ ತಿಳಿಯುವುದಿಲ್ಲ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ನಮ್ಮಲ್ಲಿ ನಿಜವಾದ ಕೊರತೆ ಕೈಕೆಲಸದ್ದು. ಸಿಂಗಲ್ ಮೋಡ್ ಫೈಬರ್‌ನ ಗಾಜಿನ ಹೊರವ್ಯಾಸ 125 ಮೈಕ್ರಾನ್, ಬೆಳಕು ಓಡುವ ಕೋರ್ ಸುಮಾರು 9 ಮೈಕ್ರಾನ್ ಮಾತ್ರ. ಸ್ಪ್ಲೈಸ್ ಮಾಡುವಾಗ, ಅಂದರೆ ಎರಡು ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವಾಗ, ಮೊದಲು ಮೇಲಿನ ಕೋಟಿಂಗ್ ಸುಲಿಯಬೇಕು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು, ಆಮೇಲೆ ಕ್ಲೀವ್ ಮಾಡಬೇಕು, ಅಂದರೆ ತುದಿ ನೇರ, ನಯವಾಗಿ ಬರುವಂತೆ ಕತ್ತರಿಸಬೇಕು. ಕ್ಲೀವ್ ಆದಮೇಲೆ ಮತ್ತೆ ಒರೆಸಲು ಹೋದರೆ ತುದಿಗೇ ಕೊಳೆ ಮೆತ್ತುತ್ತದೆ. ಕ್ಲೀವ್ ಕೋನ, ಅಂದರೆ ತುದಿಯ ಓರೆ, 1 ಡಿಗ್ರಿಯೊಳಗೇ ಇರಬೇಕು. ಹೆಚ್ಚಾದರೆ ಎರಡು ತುದಿಗಳು ಸರಿಯಾಗಿ ಬೆಸೆಯದೆ ನಷ್ಟ ಏರುತ್ತದೆ. ಕನೆಕ್ಟರ್‌ಗಳಲ್ಲಿ ಹಸಿರು ಬಣ್ಣದ ಎಪಿಸಿ ಬಗೆಯ ತುದಿ 8 ಡಿಗ್ರಿ ಓರೆ, ನೀಲಿ ಯುಪಿಸಿಗೆ ಆ ಓರೆ ಇಲ್ಲ. ಎರಡನ್ನೂ ಜೋಡಿಸಿದರೆ ನಡುವೆ ಗಾಳಿಯ ಸಂದು ಉಳಿದು ಸಿಗ್ನಲ್ ಬೀಳುತ್ತದೆ, ತುದಿಗಳೂ ಹಾಳಾಗಬಹುದು. ಜೋಡಿಸುವ ಮುನ್ನ ಪ್ರತಿ ಸಲ ತುದಿಯನ್ನು ಸೂಕ್ಷ್ಮದರ್ಶಕ ಸ್ಕೋಪ್‌ನಲ್ಲಿ ನೋಡಿ, ಲೇಸರ್ ಆಫ್ ಇದ್ದಾಗ ಮಾತ್ರ. 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಅಪಾಯ.

ಲೆಕ್ಕವೂ ಬಾಯಲ್ಲೇ ಬರಬೇಕು. ಕಳಿಸಿದ್ದು 1 ಮಿಲಿವ್ಯಾಟ್, ಅಂದರೆ 0 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಅಳತೆ). 10 ಕಿ.ಮೀ. ಫೈಬರ್‌ಗೆ 2 ಡಿಬಿ, ಎರಡು ಕನೆಕ್ಟರ್‌ಗೆ 1 ಡಿಬಿ, ನಾಲ್ಕು ಸ್ಪ್ಲೈಸ್‌ಗೆ 0.4 ಡಿಬಿ ಹೋಯಿತು ಅಂತ ಹಿಡಿಯಿರಿ. ಆಚೆ ತುದಿಯಲ್ಲಿ ಮೈನಸ್ 3.4 ಡಿಬಿಎಂ ಸಿಗಬೇಕು. ಮೀಟರ್ ಮೈನಸ್ 9 ತೋರಿಸಿದರೆ ಸಾಮಾನ್ಯವಾಗಿ ಕೊಳಕು ಕನೆಕ್ಟರೋ, ಎಲ್ಲೋ ಮಡಚಿದ ಫೈಬರೋ ಕಾರಣ. ಹುಡುಕುವುದನ್ನು ಅಲ್ಲಿಂದಲೇ ಶುರುಮಾಡಿ.

ಬೆಳಕು ಓಡುವ ಚಿಪ್ ಕಡೆ ಒಲವಿದ್ದರೆ ಪೈಥಾನ್ ಕಲಿಯಿರಿ. ಬೆಳಕಿನ ಚಲನೆಯನ್ನು ಲೆಕ್ಕಹಾಕುವ ಮೀಪ್, ಚಿಪ್‌ನ ನಕ್ಷೆ ಬಿಡಿಸುವ ಕೆಲೇಔಟ್, ಎರಡೂ ಉಚಿತ ಸಾಫ್ಟ್‌ವೇರ್. 220 ನ್ಯಾನೊಮೀಟರ್ ದಪ್ಪ, 500 ಅಗಲದ ಸಿಲಿಕಾನ್ ವೇವ್‌ಗೈಡ್‌ನ ಮೋಡ್ ಅನ್ನು ಮೀಪ್‌ನಲ್ಲಿ ಕಂಡುಹಿಡಿಯಿರಿ. ನಂತರ ರೆಸಲ್ಯೂಶನ್ (ಲೆಕ್ಕದ ಜಾಲರಿ ಎಷ್ಟು ಸಣ್ಣದು ಎಂಬುದು) ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. ಉತ್ತರ ಗಣನೀಯವಾಗಿ ಬದಲಾದರೆ ಮೊದಲಿನದನ್ನು ನಂಬುವ ಹಾಗಿಲ್ಲ. ಬಣ್ಣದ ಚಿತ್ರ ಚೆನ್ನಾಗಿ ಬಂತೆಂದು ಇಷ್ಟನ್ನೂ ಪರೀಕ್ಷಿಸದೆ ಪ್ರಾಜೆಕ್ಟ್ ರಿಪೋರ್ಟ್‌ಗೆ ಅಂಟಿಸುವುದು ತಪ್ಪು, ಗೈಡ್ ಆದವರೂ ಅದನ್ನು ಒಪ್ಪಬಾರದು.

ಕಾಲೇಜು ಸೇರುವ ಮುನ್ನ ಲ್ಯಾಬ್ ನೋಡಲು ಕೇಳಿ. ಸ್ಪ್ಲೈಸರ್, ಪವರ್ ಮೀಟರ್ ಇವೆಯೇ, ಅವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಅಂತ ಸೀನಿಯರ್‌ಗಳನ್ನೇ ವಿಚಾರಿಸಿ.