ಹತ್ತು ಗಂಟೆಯವರೆಗೆ ಕೊರೊನಾಗೆ ರಜೆ

2021ರ ಏಪ್ರಿಲ್ ಕೊನೆಗೆ ನಮ್ಮ ಸರ್ಕಾರಕ್ಕೆ ಒಂದು ದೊಡ್ಡ ಸತ್ಯ ಹೊಳೆಯಿತು. ಕೊರೊನಾ ಬೆಳಿಗ್ಗೆ ಆರರಿಂದ ಹತ್ತರವರೆಗೆ ಯಾರ ತಂಟೆಗೂ ಬರುವುದಿಲ್ಲ. ಹತ್ತು ದಾಟಿ ಒಂದು ನಿಮಿಷಕ್ಕೆ ಡ್ಯೂಟಿಗೆ ಹಾಜರ್. ಆದ್ದರಿಂದ ಹಾಲು, ತರಕಾರಿ, ದಿನಸಿ ಎಲ್ಲ ಆ ನಾಲ್ಕು ಗಂಟೆಯೊಳಗೇ ಮುಗಿಸಿಕೊಳ್ಳಿ ಅಂತ ಆದೇಶ ಬಂತು.

ಬೇರೆ ದಿನಗಳಲ್ಲಿ ಹಾಸನದ ಜನ ಬೆಳಿಗ್ಗೆಯಿಂದ ರಾತ್ರಿವರೆಗೆ ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಕಟ್ಟಿನಕೆರೆ ಮಾರುಕಟ್ಟೆಗೆ ಹೋದರೆ ಒಂದೊಂದೇ ಬದನೆಕಾಯಿ ತಿರುಗಿಸಿ ನೋಡಿ ಆರಿಸಬಹುದಿತ್ತು. ಈಗ ಇಡೀ ಊರಿಗೆ ಒಂದೇ ಮುಹೂರ್ತ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದಾಗ ನುಗ್ಗುವ ಹಾಗೆ ದಿನಸಿ ಅಂಗಡಿಯ ಶಟರ್ ಮುಂದೆ ದಿನಾ ನುಗ್ಗಾಟ. ಅಮ್ಮನ ದರ್ಶನಕ್ಕಾದರೂ ಬ್ಯಾರಿಕೇಡ್ ಇರುತ್ತದೆ. ತೊಗರಿಬೇಳೆಯ ದರ್ಶನಕ್ಕೆ ಅದೂ ಇಲ್ಲ.

ಅಂತರಕ್ಕೆ ವ್ಯವಸ್ಥೆಯೇ ಇರಲಿಲ್ಲ ಅಂತಲ್ಲ. ಸುಣ್ಣದಲ್ಲಿ ನೀಟಾಗಿ ಬಾಕ್ಸ್ ಬರೆದಿದ್ದರು. ಒಂದರಲ್ಲಿ ಚೀಲ ನಿಂತಿತ್ತು, ಇನ್ನೊಂದರಲ್ಲಿ ಚಪ್ಪಲಿ, ಮತ್ತೊಂದರಲ್ಲಿ ಯಾರದೋ ಕಲ್ಲು. ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಜಿಲ್ಲೆಯಲ್ಲೇ ಬೇರೆ ಯಾರೂ ಇರಲಿಕ್ಕಿಲ್ಲ. ಚೀಲದ ಮಾಲೀಕರು ಪಕ್ಕದ ನೆರಳಲ್ಲಿ ಗುಂಪಾಗಿ ನಿಂತು, ಮಾಸ್ಕ್ ಗದ್ದಕ್ಕೆ ಇಳಿಸಿ, "ಈ ಜನಕ್ಕೆ ಬುದ್ಧಿ ಬರಲ್ಲ ಬಿಡಿ" ಅಂತ ಜನರನ್ನು ಬೈಯುತ್ತಿದ್ದರು.

"ಅಣ್ಣ, ಅರ್ಧ ಕೆಜಿ ಉದ್ದಿನಬೇಳೆ."

"ಏನಂದ್ರಿ ಅಕ್ಕ? ಕೇಳಿಸ್ಲಿಲ್ಲ. ಮಾಸ್ಕ್ ತೆಗೆದು ಹೇಳಿ."

ಮೇ 10ರಿಂದ ಇನ್ನೊಂದು ಹೊಸ ನಿಯಮ. ಸಾಮಾನು ತರಲು ಗಾಡಿ ತೆಗೆಯುವಂತಿಲ್ಲ, ನಡೆದೇ ಹೋಗಬೇಕು. ಸೋಂಕು ಸ್ಕೂಟರ್ ಹತ್ತಿ ಬರುತ್ತದೆ ಅಂತ ಲೆಕ್ಕ ಇರಬೇಕು. ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ತಲೆ ಮೇಲೆ ಹೊತ್ತುಕೊಂಡು ಏದುಸಿರು ಬಿಡುವವನ ಮೂಗಿನ ಮೇಲೆ ಮಾಸ್ಕ್ ನಿಲ್ಲುತ್ತಾ? ಆಮೇಲೆ ಪೊಲೀಸರೇ ಹತ್ತಿರದ ಅಂಗಡಿಗೆ ಗಾಡಿ ಪರವಾಗಿಲ್ಲ ಅಂದರು. ಹತ್ತಿರ ಅಂದರೆ ಎಷ್ಟು ಅನ್ನುವುದನ್ನು ಲಾಠಿ ಹಿಡಿದವರ ವಿವೇಚನೆಗೆ ಬಿಟ್ಟಿದ್ದಾಯಿತು.

ಇಷ್ಟು ಜನರ ಉಸಿರು ಕುಡಿದು ಮನೆಗೆ ಬಂದವರಿಗೆ ಅನುಮಾನ ಬಂದಿದ್ದು ಮಾತ್ರ ಟೊಮೆಟೊ ಮೇಲೆ. ಬಕೆಟ್‌ನಲ್ಲಿ ಅದಕ್ಕೆ ಸೋಪಿನ ಸ್ನಾನ. ಹಾಲಿನ ಪ್ಯಾಕೆಟ್‌ಗೆ ಸ್ಯಾನಿಟೈಜರ್. ನೋಟಿಗೆ ಇಸ್ತ್ರಿ. ಸೋಪು ವೈರಸ್ಸಿನ ಮೇಲಿನ ಕೊಬ್ಬಿನ ಪದರ ಒಡೆಯುತ್ತದೆ, ನಿಜ. ಆದರೆ ಅದು ಕೈ ತೊಳೆಯಲು. ತರಕಾರಿಗೆ ಬರೀ ನೀರು ಸಾಕು ಅಂತ ತಿಳಿದವರು ಬಡಿದುಕೊಂಡರೂ ಕೊತ್ತಂಬರಿ ಸೊಪ್ಪಿನ ನೊರೆ ಇಳಿಯಲಿಲ್ಲ. ಅಷ್ಟರಲ್ಲಾಗಲೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಲೆಕ್ಕ ಕೊಟ್ಟಿತ್ತು. ಸೋಂಕಿರುವ ವಸ್ತು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಬರುವುದು ಮುಖ್ಯವಾಗಿ ಉಸಿರಿನಿಂದ. ಉಸಿರಿಗೆ ಸೋಪು ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಸುಮ್ನೆ ಟೊಮೆಟೊ ಸಿಕ್ಕಿಹಾಕಿಕೊಂಡಿತು.

ಅಸಲಿ ತಮಾಷೆ ಜೂನ್ 14ಕ್ಕೆ. ಸೋಂಕು ಕಡಿಮೆಯಾದ ಜಿಲ್ಲೆಗಳಲ್ಲಿ ಅಂಗಡಿ ಮಧ್ಯಾಹ್ನ ಎರಡರವರೆಗೆ ತೆಗೆಯಬಹುದು ಅಂದರು. ಅಲ್ಲಿನವರಿಗೆ ಎಂಟು ಗಂಟೆ ಸಿಕ್ಕಿತು, ದೂರ ದೂರ ನಿಂತು ಆರಾಮಾಗಿ ತಗೋಬಹುದು. ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಸೋಂಕು ಇನ್ನೂ ಜಾಸ್ತಿ. ಹಾಗಾಗಿ ನಮಗೆ ಮತ್ತೊಂದು ವಾರ ಅದೇ ಆರರಿಂದ ಹತ್ತು. ರೋಗ ಇಲ್ಲದವರು ಬಿಡಿಬಿಡಿಯಾಗಿ ನಿಲ್ಲಲಿ, ರೋಗ ಇರುವ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದು ಬೇಗ ಬೇಳೆ ತಗೊಂಡು ಮನೆಗೆ ಹೋಗಲಿ ಅಂತ.