ಊಟಕ್ಕೆ ಎಲ್ಲಿಗೆ?

ಮೂರು ದಿನ ರಜೆ ಅಂತ ಮೈಸೂರಿನಿಂದ ಭಾವನ ಮನೆಯವರು ತುಮಕೂರಿಗೆ ಬಂದಿದ್ದರು. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿಸಿಕೊಂಡು ತಟ್ಟೆ ಇಡ್ಲಿ ತಿಂದೆವು. ಸುಖ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಅಂದರೆ ಎಲ್ಲರದೂ ಒಂದೇ ಮಾತು, ‘ಎಲ್ಲಾದರೂ ಸರಿ.’ ಹೆಸರು ಹೇಳಿದರೆ ಮಾತ್ರ ಮುಖ ಹುಳ್ಳಗೆ! ಅತ್ತೆಗೆ ಈರುಳ್ಳಿ ಆಗುವುದಿಲ್ಲ, ಮಕ್ಕಳಿಗೆ ನೂಡಲ್ಸ್ ಬೇಕು, ಭಾವನಿಗೆ ಮುದ್ದೆ, ನಾಟಿ ಕೋಳಿ ಸಾರು.

ಕೊನೆಗೆ ಹೆದ್ದಾರಿ ಪಕ್ಕದ ಒಂದು ಹೋಟೆಲ್‌ಗೆ ನುಗ್ಗಿದೆವು. ಬೆಂಗಳೂರೇ ಎದ್ದು ಬಂದ ಹಾಗಿತ್ತು. ಊಟಕ್ಕೆ ಅಂತ 70 ಕಿಲೋಮೀಟರ್ ಬರ್ತಾರಾ, ಸ್ವಾಮಿ? ಉಣ್ಣುವವರ ಕುರ್ಚಿ ಹಿಂದೆ ನಿಂತು, ಮಜ್ಜಿಗೆವರೆಗೆ ಬಂದರಾ ಅಂತ ಅವರ ಎಲೆ ಇಣುಕುವುದು ಎಂಥ ನಾಚಿಕೆಗೇಡು ಅಲ್ವಾ? 40 ನಿಮಿಷ ಹಾಗೇ ನಿಂತೆವು. ಕೂತ ಮೇಲೆ ಸಪ್ಲೈಯರ್ ಹೇಳಿದ, ‘ಊಟ ಖಾಲಿ ಸಾರ್. ತಟ್ಟೆ ಇಡ್ಲಿ ಕೊಡ್ಲಾ?’