ಲಾಸ್ಟ್ ಎಷ್ಟು ಹೇಳಿ ಸರ್

ಮೇಜಿನಂಥ ಹಳೆ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರಿಗೆ ಮೊದಲು ಬರುವ ಮೆಸೇಜು 'ಇದ್ಯಾ?'. ಇದೆ ಎಂದು ತಾನೇ ಹಾಕಿರುವುದು! ಇರಲಿ, ಮರ್ಯಾದೆಗೆ 'ಇದೆ' ಅಂತ ಉತ್ತರ ಕೊಡುತ್ತೀರಿ. ಅಲ್ಲಿಗೆ ಮಾತುಕತೆ ಮುಗಿಯಿತು. ಆ ಮನುಷ್ಯ ಈ ಜನ್ಮದಲ್ಲಿ ನಿಮಗೆ ಮತ್ತೆ ಸಿಗುವುದಿಲ್ಲ. ಮೆಸೇಜು ಓದಿದ್ದಾನೆ, ಲೋಕದಲ್ಲಿ ಎಲ್ಲೋ ಒಂದು ಮೇಜು ಇದೆ ಎಂಬುದು ಖಾತ್ರಿಯಾಗಿದೆ, ನೆಮ್ಮದಿಯಾಗಿ ಮಲಗಿದ್ದಾನೆ.

ಫೇಸ್‌ಬುಕ್‌ನವರು 2016ರಲ್ಲಿ ಶುರುಮಾಡಿದ ಮಾರ್ಕೆಟ್‌ಪ್ಲೇಸ್‌ನಲ್ಲಿ ಈ ಪ್ರಶ್ನೆಯನ್ನು ಕಂಪನಿಯವರೇ ಬರೆದು ಇಟ್ಟಿರುತ್ತಾರೆ. ಬೆರಳು ಒತ್ತಿದರೆ ಸಾಕು, ಹೋಗುತ್ತದೆ. ಟೈಪ್ ಮಾಡುವ ಕಷ್ಟವೂ ಇಲ್ಲ. ಹಿಂದೆ ಪೇಪರಿನಲ್ಲಿ ಬಂದ ಹಳೆ ಸಾಮಾನಿನ ಜಾಹೀರಾತಿಗೆ ವಿಚಾರಿಸಬೇಕೆಂದರೆ ನಂಬರು ಬರೆದುಕೊಂಡು, ಫೋನು ಮಾಡಿ, ಗುರುತು ಪರಿಚಯ ಇಲ್ಲದವರ ಹತ್ತಿರ ಬಾಯಿಬಿಟ್ಟು ಮಾತಾಡಬೇಕಿತ್ತು. ಅಷ್ಟು ಮುಜುಗರ ಪಡಬೇಕೆಂದರೆ ಸಾಮಾನು ನಿಜವಾಗಿ ಬೇಕಾಗಿರಬೇಕಿತ್ತು. ಈಗ ಕೇಳುವುದಕ್ಕೂ ಕೊಳ್ಳುವುದಕ್ಕೂ ಸಂಬಂಧ ಕಡಿದುಹೋಗಿದೆ. ಬಸ್ಸು ಬರಲಿಲ್ಲ ಅಂತ ಕೇಳುತ್ತಾರೆ, ನಿದ್ದೆ ಬರಲಿಲ್ಲ ಅಂತ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರಿಗೆ ಮೇಜು ಬೇಕಾಗುತ್ತದೆ, ನೀವೇ ಹೇಳಿ.

ನಾನು ಮಾರಲು ಹಾಕಿದ್ದು ಬರೆಯುವ ಮೇಜು. ಮರದ್ದು, ಎರಡು ಡ್ರಾಯರ್, ಬಲಗಡೆ ಮೂಲೆಯಲ್ಲಿ ಒಂದು ಗೀರು. ಇಷ್ಟನ್ನೂ ಬರೆದಿದ್ದೆ. ಗೀರಿನ ಫೋಟೊ ಬೇರೆ ಹಾಕಿದ್ದೆ. ಉದ್ದದ ವಿಷಯದಲ್ಲಿ ಯಾರೂ ಏನೂ ಕೇಳದಿರಲಿ ಅಂತ ಮೇಜಿನ ಮೇಲೆ ಅಳತೆ ಟೇಪು ಬಿಚ್ಚಿಟ್ಟು, ಅಂಕಿ ಕಾಣುವ ಹಾಗೆ ಫೋಟೊ ತೆಗೆದಿದ್ದೆ.

'ಉದ್ದ ಎಷ್ಟು ಬ್ರೋ?'

'ಫೋಟೊದಲ್ಲಿ ಟೇಪ್ ಇದೆ ನೋಡಿ. 120 ಸೆಂಟಿಮೀಟರ್.'

'ಟೇಪು ಸೇರಿಸಿ ಕೊಡ್ತೀರಾ?'

ಇದು ಒಬ್ಬರು. ಇನ್ನೊಬ್ಬರು ಸ್ವಲ್ಪ ಶಿಸ್ತಿನವರು. ಸೆಂಟಿಮೀಟರ್ ಬೇಡ, ಅಡಿ ಲೆಕ್ಕದಲ್ಲಿ ಹೇಳಿ ಅಂದರು. ಹತ್ತಿರ ಹತ್ತಿರ ನಾಲ್ಕಡಿ ಅಂದೆ. 'ಹತ್ತಿರ ಹತ್ತಿರ ಅಂದ್ರೆ ಹೇಗೆ ಸರ್, ಕರೆಕ್ಟಾಗಿ ಹೇಳಿ.' ಕುಳಿತು ಲೆಕ್ಕ ಹಾಕಿ, ಮೂರು ಅಡಿ ಹನ್ನೊಂದೂ ಕಾಲು ಇಂಚು ಅಂತ ಕಳಿಸಿದೆ. 'ಅಯ್ಯೋ, ನಂಗೆ ನಾಲ್ಕಡಿ ಬೇಕಿತ್ತು' ಎಂದು ಉತ್ತರ ಬಂತು. ಮುಕ್ಕಾಲು ಇಂಚಿನಲ್ಲಿ ವ್ಯಾಪಾರ ತಪ್ಪಿತು. ಆ ಮುಕ್ಕಾಲು ಇಂಚಿನಲ್ಲಿ ಅವರು ಏನು ಇಡಬೇಕೆಂದಿದ್ದರೋ.

ಮೇಜಿಗೆ ವಾರಂಟಿ ಇದ್ಯಾ ಅಂತ ಕೇಳಿದವರಿದ್ದಾರೆ. ಬಿಲ್ ಕೇಳಿದವರಿದ್ದಾರೆ. ಹಳೆ ಮೊಬೈಲ್ ಕೊಡ್ತೀನಿ, ಎಕ್ಸ್‌ಚೇಂಜ್ ಮಾಡ್ಕೊಳ್ತೀರಾ ಅಂದವರೂ ಇದ್ದಾರೆ. ಇವೆಲ್ಲ ಸಹಿಸಬಹುದು. ಸಹಿಸಲು ಆಗದ ಪ್ರಶ್ನೆ 'ಯಾಕೆ ಮಾರ್ತಿದ್ದೀರಾ?' ಎಂಬುದು. ಪೊಲೀಸರು ಕೇಳುವ ಧಾಟಿಯಲ್ಲೇ ಕೇಳುತ್ತಾರೆ. ಇದಕ್ಕೆ ಏನು ಹೇಳಿದರೂ ಸಿಕ್ಕಿಬಿದ್ದಿರಿ. ಮನೆ ಬದಲಾಯಿಸುತ್ತಿದ್ದೇವೆ ಎಂದರೆ, ಓಹೋ, ಅರ್ಜೆಂಟ್ ಇದೆ, ಬೆಲೆ ಇಳಿಸಬಹುದು. ಹೊಸ ಮೇಜು ತಗೊಂಡೆವು ಎಂದರೆ, ಹಾಗಾದರೆ ದುಡ್ಡಿದೆ, ಬೆಲೆ ಇಳಿಸಬಹುದು. ಸುಮ್ನೆ ಇತ್ತು, ಯಾರೂ ಉಪಯೋಗಿಸುತ್ತಿರಲಿಲ್ಲ ಎಂದರೆ, ಸುಮ್ನೆ ಇದ್ದದ್ದಕ್ಕೆ ದುಡ್ಡು ಯಾಕೆ ಕೇಳ್ತೀರಿ ಸರ್?

ಇನ್ನು ಚೌಕಾಸಿ. ಚೌಕಾಸಿ ಮಾಡುವುದು ತಪ್ಪಲ್ಲ, ನಾನೂ ಮಾಡುತ್ತೇನೆ. ಆದರೆ ಅದಕ್ಕೊಂದು ಕ್ರಮ ಇತ್ತು. ಸಾಮಾನು ನೋಡಬೇಕು, ಮುಟ್ಟಬೇಕು, ಸ್ವಲ್ಪ ಮೂಗು ಮುರಿಯಬೇಕು, ಆಮೇಲೆ ಬೆಲೆಯ ಮಾತು. ಈಗ ನಮಸ್ಕಾರಕ್ಕಿಂತ ಮೊದಲೇ 'ಲಾಸ್ಟ್ ಎಷ್ಟು?' ಬರುತ್ತದೆ. ಮೊದಲನೆಯದೇ ಇನ್ನೂ ಮಾತಾಡಿಲ್ಲ ಮಾರಾಯ್ರೆ, ಕೊನೆಯದು ಎಲ್ಲಿಂದ ತರಲಿ? ಲಾಸ್ಟ್ ಹೇಳಿದರೆ ಅದು ಅವರಿಗೆ ಫಸ್ಟ್. ಅಲ್ಲಿಂದ ಕೆಳಗೆ ಇಳಿಯಲು ಶುರುಮಾಡುತ್ತಾರೆ. ಅರ್ಧಕ್ಕೆ ಕೊಡಿ ಅಂತಾರೆ, ಅರ್ಧಕ್ಕೆ ಒಪ್ಪಿದಿರೋ, ಇಷ್ಟು ಬೇಗ ಒಪ್ಪಿದರಲ್ಲ, ಇದರಲ್ಲಿ ಏನೋ ಇದೆ ಅಂತ ಅನುಮಾನ ಬಂದು ಮಾಯವಾಗುತ್ತಾರೆ.

ಈ ಅನುಮಾನದ ಬಗ್ಗೆ ಅರ್ಥಶಾಸ್ತ್ರದಲ್ಲಿ ದೊಡ್ಡ ಸಿದ್ಧಾಂತವೇ ಇದೆ. ಜಾರ್ಜ್ ಅಕರ್ಲಾಫ್ ಎಂಬುವವರು 1970ರಲ್ಲಿ ಹಳೆ ಕಾರುಗಳ ಉದಾಹರಣೆ ಇಟ್ಟುಕೊಂಡು ಒಂದು ಲೇಖನ ಬರೆದರು. ಸಾಮಾನಿನ ಹುಳುಕು ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಕೊಳ್ಳುವವನು ಹೆದರಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಸಾಮಾನು ಇರುವವರು ಮಾರುವುದಿಲ್ಲ, ಕೊನೆಗೆ ಮಾರುಕಟ್ಟೆಯಲ್ಲಿ ಡಕೋಟಾಗಳೇ ಉಳಿಯುತ್ತವೆ. ಮೂರು ಪತ್ರಿಕೆಗಳು ಈ ಲೇಖನವನ್ನು ಬೇಡ ಅಂದವು, ಆಮೇಲೆ ಎಲ್ಲೋ ಅಚ್ಚಾಯಿತು, 2001ರಲ್ಲಿ ಅವರಿಗೆ ನೊಬೆಲ್ಲೂ ಬಂತು. ಬರಲಿ, ಸಂತೋಷ. ಆದರೆ ಅಕರ್ಲಾಫ್ ಅವರು ಆನ್‌ಲೈನ್‌ನಲ್ಲಿ ಮೇಜು ಮಾರಲು ಕೂತಿದ್ದರೆ ಲೇಖನವನ್ನು ತಿರುಗಿಸಿ ಬರೆಯುತ್ತಿದ್ದರು. ಇಲ್ಲಿ ಏನೂ ಗೊತ್ತಿಲ್ಲದಿರುವುದು ಮಾರುವವನಿಗೆ. ಮೇಜಿನ ಗೀರು ಊರಿಗೆಲ್ಲ ಕಾಣುತ್ತಿದೆ. ಕೊಳ್ಳುವವನ ಬಗ್ಗೆ ನನಗಿರುವ ಮಾಹಿತಿ ಎಂದರೆ ಅವನ ಪ್ರೊಫೈಲಿನಲ್ಲಿರುವ ಸಿಂಹದ ಫೋಟೊ. ಅವನು ಬರುತ್ತಾನಾ, ಬಂದರೆ ದುಡ್ಡು ತರುತ್ತಾನಾ, ಅಥವಾ ಅವನಿಗೆ ಮೇಜು ಹಾಕುವಷ್ಟು ಜಾಗವಾದರೂ ಇದೆಯಾ, ಒಂದೂ ಗೊತ್ತಿಲ್ಲ.

ಕಾಹ್ನೆಮನ್, ನೆಟ್ಷ್ ಮತ್ತು ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವೂ ಇದೆ. ಅರ್ಧ ಜನ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಉಳಿದವರಿಗೆ ಮಾರಿ ನೋಡೋಣ ಅಂದರು. ಮಗ್ ಕೈಗೆ ಬಂದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ತಯಾರಿದ್ದ ಬೆಲೆಯ ಸುಮಾರು ಎರಡರಷ್ಟು ಇತ್ತಂತೆ. ತನ್ನದು ಅಂದ ಕೂಡಲೇ ಸಾಮಾನಿಗೆ ತೂಕ ಬರುತ್ತದೆ, ನಿಜ, ನನ್ನ ಮೇಜಿಗೂ ಬಂದಿರಬಹುದು. ಆದರೂ ಆ ಪ್ರಯೋಗದಲ್ಲಿ ಮಾರುವವರ ಪುಣ್ಯ ನೋಡಿ. ಕೊಳ್ಳುವವರೆಲ್ಲ ಅದೇ ಕೋಣೆಯಲ್ಲಿ ಕೂತಿದ್ದರು! 'ಭಾನುವಾರ ಬರ್ತೀನಿ, ಮಗ್ ಯಾರಿಗೂ ಕೊಡ್ಬೇಡಿ' ಅಂತ ಹೇಳಿ ಫೋನು ಸ್ವಿಚ್ ಆಫ್ ಮಾಡಿಕೊಂಡ ವಿದ್ಯಾರ್ಥಿ ಒಬ್ಬನೂ ಇರಲಿಲ್ಲ.

ನನಗೆ ಸಿಕ್ಕವರೆಲ್ಲ ಭಾನುವಾರದವರೇ. ಇವರಿಗೆ ಎಲ್ಲವೂ ಅರ್ಜೆಂಟು. ಈಗಲೇ ಬುಕ್ ಮಾಡಿ, ಪೋಸ್ಟ್ ತೆಗೆದುಬಿಡಿ, ಬೇರೆಯವರಿಗೆ ಸೋಲ್ಡ್ ಅಂತ ಹೇಳಿಬಿಡಿ. ಮಾತಿಗೆ ಬೆಲೆ ಕೊಟ್ಟು ಬೇರೆಯವರನ್ನೆಲ್ಲ ವಾಪಸ್ ಕಳಿಸುತ್ತೀರಿ. ಭಾನುವಾರ ಬರುತ್ತದೆ. ಮನೆಯವರೆಲ್ಲ ಹೊರಗೆ ಹೊರಟಿದ್ದರೂ ನೀವು ಮಾತ್ರ ಬಾಗಿಲ ಹತ್ತಿರ ಕೂತು ಕಾಯುತ್ತೀರಿ. ಹನ್ನೊಂದಕ್ಕೆ 'ಹೊರಟೆ', ಹನ್ನೆರಡಕ್ಕೆ 'ದಾರಿಯಲ್ಲಿದ್ದೀನಿ', ಒಂದೂವರೆಗೆ 'ಲೊಕೇಶನ್ ಕಳಿಸಿ'. ಅಂದರೆ ಇಷ್ಟು ಹೊತ್ತು ಯಾರ ಮನೆಯ ದಾರಿಯಲ್ಲಿದ್ದರು? ಸಂಜೆ ಐದಕ್ಕೆ ಬರುವ ಮೆಸೇಜು: 'ಸಾರಿ ಬ್ರೋ, ಮನೆಯಲ್ಲಿ ಬೇಡ ಅಂದ್ರು.' ಮನೆಯವರನ್ನು ಶನಿವಾರವೇ ಕೇಳುವ ಪದ್ಧತಿ ಇವರಲ್ಲಿ ಇಲ್ಲ.

ಅಪ್ಪಿತಪ್ಪಿ ಒಬ್ಬರು ನಿಜವಾಗಿಯೂ ಬಂದರು. ಬಂದವರೇ ಮೇಜನ್ನು ಮೊದಲು ಬೆರಳ ಗೆಣ್ಣಿನಿಂದ ಟಕಟಕ ಬಡಿದರು. ಆಮೇಲೆ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದರು. ಮೊಬೈಲ್ ಟಾರ್ಚ್ ಹಾಕಿಕೊಂಡು ಅಡಿಗೆ ನುಗ್ಗಿ, ಒಳಗಿಂದ 'ಹ್ಞೂಂ' ಎಂದರು. ಡ್ರಾಯರನ್ನು ಪೂರ್ತಿ ಹೊರಗೆಳೆದು ಮೂಸಿ ನೋಡಿದರು. ಇಷ್ಟಾದ ಮೇಲೆ ವಿಡಿಯೊ ಕಾಲ್ ಹಚ್ಚಿದರು. ಆ ಕಡೆ ಒಬ್ಬರಲ್ಲ, ಒಂದು ಕಮಿಟಿಯೇ ಕೂತಿತ್ತು. ಗೀರು ತೋರಿಸು ಅಂದರು, ತೋರಿಸಿದರು. ಹತ್ತಿರ ತೋರಿಸು ಅಂದರು, ತೋರಿಸಿದರು. 'ಹಳೇದು ಕಣೋ' ಎಂದು ಕಮಿಟಿ ತೀರ್ಪು ಕೊಟ್ಟಿತು. 'ಹಳೇ ಮೇಜು ಮಾರಾಟಕ್ಕಿದೆ' ಎಂಬ ಜಾಹೀರಾತು ನೋಡಿ ಬಂದು, ತನಿಖೆ ಮಾಡಿ, ಇದು ಹಳೇದು ಎಂದು ಕಂಡುಹಿಡಿದ ಆ ತಂಡಕ್ಕೂ ಒಂದು ನೊಬೆಲ್ ಕೊಡಬಹುದು ಅಂತ ನನಗೆ ಅನ್ನಿಸಿತು. ಆ ಮನುಷ್ಯ ಹೋಗುವಾಗ ಇಷ್ಟು ದೂರ ಬಂದಿದ್ದಕ್ಕೆ ಪೆಟ್ರೋಲ್ ಖರ್ಚು ಕೇಳಿದರು.

ಹಾಗಾದರೆ ಒಳ್ಳೆಯ ಗಿರಾಕಿ ಇಲ್ಲವೇ ಇಲ್ಲವಾ? ಇದ್ದಾರೆ. ಒಬ್ಬರು ಸಿಕ್ಕರು. ನಮಸ್ಕಾರ ಎಂದರು. ಅಳತೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ, 'ನೀವು ಹೇಳಿದ ರೇಟೇ ಇರಲಿ ಸರ್, ದುಡ್ಡು ಈಗಲೇ ಕಳಿಸ್ತೀನಿ' ಎಂದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಎಂದರು. ಪಿನ್ ಹಾಕುವುದು ದುಡ್ಡು ಕೊಡುವವರು, ತಗೊಳ್ಳುವವರಲ್ಲ. ಅಂದರೆ ಈತ ಕಳ್ಳ. ಇದೇ ಜಾತಿಯ ಇನ್ನೊಂದು ಆಟ ಇದೆ. ತಪ್ಪಿ ಜಾಸ್ತಿ ದುಡ್ಡು ಕಳಿಸಿಬಿಟ್ಟೆ, ಮಿಕ್ಕಿದ್ದು ವಾಪಸ್ ಹಾಕಿ ಎನ್ನುತ್ತಾ, ತಾನೇ ತಯಾರು ಮಾಡಿದ ಬ್ಯಾಂಕ್ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸುವುದು. ನೀವು ನಿಜವಾದ ಮಾರಾಟಗಾರರೋ ಅಂತ ನೋಡಬೇಕು, ಫೋನಿಗೆ ಬಂದ ಓಟಿಪಿ ಹೇಳಿ ಅನ್ನುವುದು ಮತ್ತೊಂದು. ನನ್ನ ಸಂಕಟ ಏನೆಂದರೆ, ಇಡೀ ವ್ಯವಹಾರದಲ್ಲಿ ಜಾಹೀರಾತನ್ನು ಪೂರ್ತಿ ಓದಿದವನು, ನನ್ನನ್ನು 'ಸರ್' ಎಂದು ಬಾಯಿತುಂಬಾ ಕರೆದವನು, ಹೇಳಿದ ಹೊತ್ತಿಗೆ ಸರಿಯಾಗಿ ಫೋನು ಮಾಡಿದವನು ಆ ಕಳ್ಳನೊಬ್ಬನೇ. ಅವನ ಕಸುಬಿನಲ್ಲಿರುವ ಶ್ರದ್ಧೆ ನಿಜವಾದ ಗಿರಾಕಿಗಳಿಗೆ ಇದ್ದಿದ್ದರೆ ಮೇಜು ಎಂದೋ ಹೋಗಿರುತ್ತಿತ್ತು.

ಆನ್‌ಲೈನ್ ಮಾರಾಟದ ಈ ಧಂದೆ ಶುರುವಾದಾಗ ಹೀಗಿರಲಿಲ್ಲ. ಪಿಯರ್ ಒಮಿಡ್ಯಾರ್ 1995ರಲ್ಲಿ ಅಮೆರಿಕದಲ್ಲಿ ಮುಂದೆ ಇಬೇ ಎಂದು ಹೆಸರಾದ ಹರಾಜಿನ ಜಾಲತಾಣ ತೆರೆದಾಗ ಅಲ್ಲಿ ಮೊದಲು ಮಾರಾಟವಾದದ್ದು ಅವರದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಇದು ಕೆಟ್ಟಿದೆ, ಗೊತ್ತು ತಾನೇ ಅಂತ ಒಮಿಡ್ಯಾರ್ ಅವರೇ ಕೊಂಡವರನ್ನು ಕೇಳಿದರಂತೆ. ಗೊತ್ತು, ನಾನು ಕೆಟ್ಟ ಪಾಯಿಂಟರ್‌ಗಳನ್ನೇ ಕೂಡಿಡುವವನು ಅಂತ ಉತ್ತರ ಬಂತಂತೆ. ವಿವರ ಓದಿ, ಅರ್ಥಮಾಡಿಕೊಂಡು, ದುಡ್ಡು ಕೊಟ್ಟು ಕೊಂಡ ಮನುಷ್ಯ! ಆ ತಳಿ ಅವರೊಂದಿಗೇ ಮುಗಿಯಿತು ಅಂತ ಕಾಣುತ್ತದೆ. ಅದೇ ಜಾಲತಾಣದಲ್ಲಿ ಮೊದಮೊದಲು, ಕೊಂಡವರೂ ಮಾರಿದವರೂ ಒಬ್ಬರಿಗೊಬ್ಬರು ಒಳ್ಳೇದು ಕೆಟ್ಟದ್ದು ಬರೆಯಬಹುದಿತ್ತು. ಮಾರುವವರು ಸೇಡು ತೀರಿಸಿಕೊಳ್ಳಲು ಬರೆಯುತ್ತಾರೆ ಎಂಬ ದೂರು ಬಂದು 2008ರಿಂದ ನಿಯಮ ಬದಲಾಯಿತು. ಮಾರಿದವರು ಕೊಂಡವರ ಬಗ್ಗೆ ಬರೆಯುವುದಿದ್ದರೆ ಒಳ್ಳೆಯದನ್ನೇ ಬರೆಯಬೇಕು. ಕೊಂಡವರಿಗೆ ಆ ಕಟ್ಟು ಇಲ್ಲ. ನಮ್ಮ ಹಣೆಬರಹವನ್ನು ಇಷ್ಟು ಚೊಕ್ಕವಾಗಿ ಯಾರೂ ನಿಯಮ ಮಾಡಿ ಬರೆದಿರಲಿಲ್ಲ.

ಕೊನೆಗೆ ಈ ಜಂಜಾಟವೇ ಬೇಡ ಅಂತ ಬೆಲೆ ತೆಗೆದು 'ಉಚಿತ, ಬಂದು ತೆಗೆದುಕೊಂಡು ಹೋಗಿ' ಎಂದು ಹಾಕಿದೆ. ಅಲ್ಲಿಯವರೆಗೆ ನೋಡಿದ್ದು ಬರೀ ಟ್ರೇಲರ್ ಅಂತ ಆಮೇಲೆ ಗೊತ್ತಾಯಿತು. 'ಫ್ರೀ ಓಕೆ, ಲಾಸ್ಟ್ ಎಷ್ಟು?' ಅಂದರು ಒಬ್ಬರು, ತಮಾಷೆಗಲ್ಲ. 'ಡೆಲಿವರೀನೂ ಫ್ರೀನಾ?' ಅಂದರು ಮತ್ತೊಬ್ಬರು. ಮೂರನೇ ಮಹಡಿ, ಲಿಫ್ಟ್ ಇಲ್ಲ, ನಿಮ್ಮ ಕಡೆ ಹುಡುಗರಿದ್ದಾರಾ ಎಂದು ಕೇಳಿದರು ಇನ್ನೊಬ್ಬರು. ನನ್ನ ಕಡೆ ಯಾವ ಹುಡುಗರು? ಫ್ರೀ ಕೊಡ್ತಿದ್ದೀರಾ ಅಂದ್ರೆ ಏನೋ ಇದೆ, ಗೆದ್ದಲು ಹಿಡಿದಿದೆಯಾ ಎಂಬ ಅನುಮಾನ, ಇದೇ ಥರದ್ದು ಕಪ್ಪು ಬಣ್ಣದಲ್ಲಿ ಇದ್ಯಾ ಎಂಬ ಆಸೆ, ಎರಡಿದ್ದರೆ ಎರಡೂ ಇರಲಿ ಎಂಬ ಧಾರಾಳ. ಪುಕ್ಕಟೆ ಸಿಕ್ಕ ಎತ್ತಿನ ಹಲ್ಲು ಎಣಿಸಿದರಂತೆ ಅಂತ ಹಿರಿಯರು ಹೇಳಿದ್ದರು. ಎತ್ತನ್ನು ಮನೆಗೆ ತಂದು ಕಟ್ಟಿ ಕೊಡಿ ಅಂದದ್ದನ್ನು ಅವರು ಕೇಳಿರಲಿಲ್ಲ, ಪುಣ್ಯವಂತರು.

ಅಂತೂ ಒಬ್ಬರು ಗೂಡ್ಸ್ ಗಾಡಿ ತಂದು ಮೇಜು ಹೇರಿಕೊಂಡರು. ಒಂದು ತುದಿ ನಾನೇ ಹಿಡಿದೆ. ಹಗ್ಗವೂ ನನ್ನದೇ. ಎಲ್ಲಾ ಕಟ್ಟಿ ಆದ ಮೇಲೆ ಅವರು ವಾಪಸ್ ಒಳಗೆ ಬಂದು ಆಚೀಚೆ ನೋಡಿದರು.

'ಕುರ್ಚಿ ಎಲ್ಲಿ ಸರ್?'

'ಕುರ್ಚಿ ಕೊಡ್ತೀನಿ ಅಂತ ಹಾಕಿಲ್ವಲ್ಲ.'

'ಫೋಟೊದಲ್ಲಿ ಇತ್ತಲ್ಲ. ಕುರ್ಚಿ ಇಲ್ದೆ ಮೇಜು ತಗೊಂಡು ಏನ್ ಮಾಡ್ಲಿ?'

ಗೊಣಗುತ್ತಲೇ ಹೋದರು. ರಾತ್ರಿ ಆಪ್‌ನಲ್ಲಿ ರೇಟಿಂಗ್ ಬಂತು. ಐದರಲ್ಲಿ ಒಂದು ಸ್ಟಾರ್. 'ಮೇಜು ಪರವಾಗಿಲ್ಲ. ಮಾರುವವರ ನಡವಳಿಕೆ ಸರಿ ಇಲ್ಲ, ಕುರ್ಚಿ ಕೊಡಲಿಲ್ಲ. ಫ್ರೀ ಅಂತ ಹೇಳಿ ಗಾಡಿ ಬಾಡಿಗೆ ನಾವೇ ಕೊಡಬೇಕಾಯಿತು.'